ಸೂಜಿ ಹಿಡಿದವರ ತೋಳು

“ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಬದನೆಕಾಯಿ ವರ್ಜ್ಯವೆಂದು ಸಭೆಯಲ್ಲಿ ಪುರಾಣ ಹೇಳಿದ ಪುರಾಣಿಕರು ಮನೆಗೆ ಬಂದು ಅದೇ ಬದನೆಕಾಯಿಯ ಪಲ್ಯವನ್ನು ಬಡಿಸಿಕೊಂಡರಂತೆ. ಗಾದೆ ನಗೆ ಬರಿಸುತ್ತದೆ. ಆದರೆ ಅವರ ಮಾತು ನಂಬಿದ ಶ್ರೋತೃಗಳ ಪಾಡೇನಾಯಿತೆಂದು ಯಾರೂ ಕೇಳುವುದಿಲ್ಲ. ಈ ತಿಂಗಳು ವಾಚಕರ ಮುಂದಿಡಬಯಸುವ ವಿಷಯವು ಆ ಗಾದೆಗೆ ಸಮೀಪದ್ದು. ನಗುವಿಗೆ ಮಾತ್ರ ಅಷ್ಟಾಗಿ ಎಡೆಯಿಲ್ಲದ್ದು. ಊರವರಿಗೆಲ್ಲ ಚುಚ್ಚುಮದ್ದು ಹಾಕುವವರು, ಹಾಕಿಸಿಕೊಳ್ಳಿರೆಂದು ಮನೆಮನೆಗೆ ಬಂದು ಹೇಳುವವರು, ತಮ್ಮ ಸರದಿ ಬಂದಾಗ ಹಿಂಜರಿಯುವುದುಂಟು. ವೈದ್ಯರಲ್ಲಿ, ದಾದಿಯರಲ್ಲಿ, ರಕ್ತಪರೀಕ್ಷೆ ಮಾಡುವವರಲ್ಲಿ, ಆಂಬುಲೆನ್ಸ್ ಚಾಲಕರಲ್ಲಿ, ವಾರ್ಡು ಗುಡಿಸುವವರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ, ಎಲ್ಲ ಮಟ್ಟದಲ್ಲಿಯೂ ಇಂತಹವರು ಇದ್ದಾರೆ.

ಅವರನ್ನು ದೂರುವ ಉದ್ದೇಶದಿಂದ ನಾವು ಇದನ್ನು ಬರೆಯುತ್ತಿಲ್ಲ. ಕೋವಿಡ್‌ನ ದಿನಗಳಲ್ಲಿ ಈ ವಿಷಯವಾಗಿ ಆಡಿದ ಮಾತುಗಳಲ್ಲಿ ಅರೆಪಾಲು ಭೀತಿ, ಅರೆಪಾಲು ಸಿಟ್ಟು ಇತ್ತು. ಈಗ ಆ ಗಡಿಬಿಡಿ ಅಡಗಿದೆ. ಸಮಾಧಾನದಿಂದ ಕುಳಿತು ಯೋಚಿಸಲು ಇದು ತಕ್ಕ ಕಾಲ.

ಮೊದಲು ದೂರದ ಒಂದು ಕಥೆಯನ್ನು ಹೇಳುತ್ತೇವೆ. ಆಫ್ರಿಕಾ ಖಂಡದ ಪೂರ್ವ ತೀರದಲ್ಲಿ ಸೊಮಾಲಿಯಾ ಎಂಬ ದೇಶವಿದೆ. ಅಲ್ಲಿನ ಮೆರ್ಕಾ ಎಂಬ ಕಡಲತಡಿಯ ಪಟ್ಟಣದ ಆಸ್ಪತ್ರೆಯಲ್ಲಿ ಅಲಿ ಮಾವ್ ಮಾಲಿನ್ ಎಂಬ ಇಪ್ಪತ್ತಮೂರರ ತರುಣನು ಅಡುಗೆಯವನಾಗಿದ್ದನು. ಅದು 1977ನೆಯ ಇಸವಿ. ಸಿಡುಬನ್ನು ಭೂಮಂಡಲದಿಂದಲೇ ನಿರ್ಮೂಲ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಕೈಗೊಂಡಿದ್ದ ಮಹಾಕಾರ್ಯವು ಕೊನೆಯ ಘಟ್ಟಕ್ಕೆ ಬಂದಿತ್ತು. ನಮ್ಮ ದೇಶದಲ್ಲಿ 1975ರ ಮೇ ತಿಂಗಳ ಬಳಿಕ ಸಿಡುಬು ಕಾಣಿಸಿಕೊಂಡಿರಲಿಲ್ಲ. ಉಳಿದದ್ದು ಸೊಮಾಲಿಯಾದ ಒಂದು ಮೂಲೆ ಮಾತ್ರ. ಆಸ್ಪತ್ರೆಯ ಸಿಬ್ಬಂದಿಯೆಲ್ಲ ಸಿಡುಬಿನ ಲಸಿಕೆ ಹಾಕಿಸಿಕೊಳ್ಳಬೇಕೆಂಬ ನಿಯಮವು ಮೆರ್ಕಾದಲ್ಲಿಯೂ ಇತ್ತು. ಮಾಲಿನ್ ಹಾಕಿಸಿಕೊಂಡಿರಲಿಲ್ಲ. ಕಾರಣವನ್ನು ಅವನೇ ಎಷ್ಟೋ ವರ್ಷಗಳ ಮೇಲೆ ತಿಳಿಸಿದನು: ಚುಚ್ಚಿಸಿಕೊಂಡರೆ ನೋಯುತ್ತದೆಂಬ ಹೆದರಿಕೆ.

ಅಕ್ಟೋಬರ್ 12ರಂದು ಸಿಡುಬು ತಗಲಿದ ಇಬ್ಬರು ಮಕ್ಕಳನ್ನು ಹೊತ್ತ ವಾಹನವೊಂದು ದಾರಿ ಕೇಳುತ್ತ ಆ ಆಸ್ಪತ್ರೆಗೆ ಬಂತು. ಮಾಲಿನ್ ಉಪಕಾರಬುದ್ಧಿಯಿಂದ ಹತ್ತಿ ಕುಳಿತು ದಾರಿ ತೋರಿಸಿದನು. ಜೊತೆಯಲ್ಲಿ ಪ್ರಯಾಣ ಮಾಡಿದ್ದು ಕೆಲವೇ ನಿಮಿಷ. ಹತ್ತು ದಿನಗಳಲ್ಲಿ ಜ್ವರ ಬಂತು. ಮಲೇರಿಯಾ ಎಂದು ಔಷಧ ಕೊಟ್ಟರು. ಮೈಯಲ್ಲಿ ಬೊಕ್ಕೆಗಳೆದ್ದಾಗ ಚಿಕನ್‌ಪಾಕ್ಸ್ ಇರಬಹುದೆಂದರು. ಸಿಡುಬೆಂದು ಗೊತ್ತಾಗುವಷ್ಟರಲ್ಲಿ ಬಂಧುಗಳು, ಗೆಳೆಯರು ಅನೇಕರು ಅವನನ್ನು ನೋಡಿಹೋಗಿದ್ದರು. ಆ ಪಟ್ಟಣದಲ್ಲಿ ಎರಡು ವಾರಗಳೊಳಗೆ ಐವತ್ತು ಸಾವಿರಕ್ಕೂ ಮಿಕ್ಕ ಜನರಿಗೆ ಲಸಿಕೆ ಹಾಕಬೇಕಾಯಿತು. ದೈವಕೃಪೆಯಿಂದ ಅವನಿಂದ ಇನ್ನೊಬ್ಬರಿಗೆ ರೋಗ ಅಂಟಲಿಲ್ಲ, ಅವನೂ ಬದುಕಿಕೊಂಡನು. ಜಗತ್ತಿನಲ್ಲಿ ಸಹಜವಾಗಿ ಸಿಡುಬು ತಗಲಿದ ಕೊನೆಯ ಮನುಷ್ಯನು ಅವನೇ. ಸಾವಿರಾರು ವರ್ಷಗಳ ಕಾಲ ಮನುಕುಲವನ್ನು ಕಾಡಿದ ಮಾರಿಯು ಕಟ್ಟಕಡೆಗೆ ಅಡಗಿ ಕುಳಿತದ್ದು ಒಂದು ಆಸ್ಪತ್ರೆಯ ನೌಕರನ ದೇಹದಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು.

ಕಥೆಯ ಉತ್ತರಾರ್ಧವು ಇನ್ನೂ ಮುಖ್ಯವಾದುದು. ಮಾಲಿನ್ ಮುಂದೆ ಪೋಲಿಯೋ ನಿರ್ಮೂಲನದ ಕಾರ್ಯಕರ್ತನಾದನು. ಮಕ್ಕಳಿಗೆ ಹನಿ ಹಾಕಿಸಲು ಹೆದರುವ ತಾಯಂದಿರ ಬಳಿಗೆ ಹೋಗಿ, ತಾನೇ ಒಂದು ಕಾಲದಲ್ಲಿ ಹೆದರಿದ್ದನ್ನೂ, ಅದರಿಂದ ಬಂದ ಫಲವನ್ನೂ ಹೇಳುತ್ತಿದ್ದನು. ಆ ಮಾತಿಗೆ ಎದುರುತ್ತರವೆಲ್ಲಿಯದು? 2013ರಲ್ಲಿ ಪೋಲಿಯೋ ಮತ್ತೆ ಆ ದೇಶವನ್ನು ಹೊಕ್ಕಾಗ ಪುನಃ ಊರೂರು ತಿರುಗುತ್ತಿದ್ದ ಅವನು, ಆ ವರ್ಷದ ಜುಲೈ ತಿಂಗಳಲ್ಲಿ ಮಲೇರಿಯಾ ಜ್ವರದಿಂದ ತೀರಿಕೊಂಡನು. ಹಿಂಜರಿದವನು ತನ್ನ ಹಿಂಜರಿಕೆಯನ್ನು ಮುಚ್ಚಿಡದೆ ಹೇಳಿಕೊಂಡಾಗ ಅವನ ಮಾತಿಗೆ ಎಷ್ಟು ತೂಕ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಮಾತಿಗಿಂತ ಮೊದಲು ತೋಳು ತೋರಿಸಬೇಕೆಂಬ ಅರಿವು ನಮ್ಮ ಕನ್ನಡ ನಾಡಿನಲ್ಲಿಯೂ ಹಳೆಯದು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವಿನಿಂದ ಲಸಿಕೆಯನ್ನು ಕಂಡುಹಿಡಿದನು. 1802ರ ಜೂನ್ ತಿಂಗಳಲ್ಲಿ ಅದು ಮುಂಬಯಿಗೆ ತಲಪಿತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನು ಬರೆದ ಮೂವರು ಸ್ತ್ರೀಯರ ಒಂದು ವರ್ಣಚಿತ್ರವಿದೆ. ಅದರಲ್ಲಿ ಒಬ್ಬಾಕೆ ತನ್ನ ಸೆರಗನ್ನು ಸರಿಸಿ ತೋಳನ್ನು ತೋರುವಂತೆ ನಿಂತಿದ್ದಾಳೆ. ಅವರು ಮೈಸೂರರಮನೆಯ ರಾಣಿಯರು, ಲಸಿಕೆಯನ್ನು ಜನರು ಸ್ವೀಕರಿಸಲೆಂದು ತಾವೇ ಮಾದರಿಯಾಗಿ ನಿಂತವರು ಎಂದು ಇತಿಹಾಸಜ್ಞ ನೈಜೆಲ್ ಚಾನ್ಸೆಲರ್ ಅಭಿಪ್ರಾಯಪಟ್ಟಿದ್ದಾರೆ. ಅದು ಒಬ್ಬ ವಿದ್ವಾಂಸರ ಊಹೆಯೆಂದೇ ಇಟ್ಟುಕೊಳ್ಳೋಣ. ಅದರ ಹಿಂದಿನ ತತ್ತ್ವವಂತೂ ಸತ್ಯ. ಅರಮನೆಯ ಡಂಗುರಕ್ಕೆ ಬಗ್ಗದ ಜನರು ಅರಮನೆಯವರ ತೋಳಿನ ಗುರುತಿಗೆ ಬಗ್ಗಿಯಾರು.

ಇನ್ನು ನಮ್ಮ ಕಣ್ಣೆದುರಿಗೇ ನಡೆದುದನ್ನು ನೋಡೋಣ. ಕೋವಿಡ್ ಲಸಿಕೆಯು ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಆರಂಭವಾಯಿತು. ಮೊದಲ ಸರದಿ ಆರೋಗ್ಯ ಸಿಬ್ಬಂದಿಯದು. ಅಂದು ತೆರೆದ ಕೇಂದ್ರಗಳು 3,006. ಒಂದೊಂದರಲ್ಲಿ ನೂರು ಮಂದಿಯಂತೆ ಸುಮಾರು ಮೂರು ಲಕ್ಷ ಜನರು ಬರಬೇಕಿತ್ತು. ಬಂದವರು ಎರಡು ಲಕ್ಷದ ಆಸುಪಾಸು. ಗಣಕಯಂತ್ರದ ಯಾದಿಯಲ್ಲಿ ತೊಡಕುಗಳಿದ್ದುದೂ ನಿಜ. ಸೂಚನೆ ತಲಪದೆ ಉಳಿದವರೂ ಇದ್ದರು. ಆದರೆ ಸೂಚನೆ ತಲಪಿಯೂ “ಸ್ವಲ್ಪ ದಿನ ನೋಡುವಾ” ಎಂದುಕೊಂಡವರು ಕಡಮೆಯೇನೂ ಇರಲಿಲ್ಲ.

ಅವರೆಲ್ಲ ಅಜ್ಞಾನಿಗಳೆಂದು ತೀರ್ಪು ಕೊಡುವುದು ಸುಲಭ, ನ್ಯಾಯವಲ್ಲ. ಜನವರಿ 3ರಂದು ಎರಡು ಲಸಿಕೆಗಳಿಗೆ ಸರಕಾರವು ಅನುಮತಿ ಕೊಟ್ಟಾಗ ಅವುಗಳಲ್ಲಿ ಒಂದಾದ ಕೋವ್ಯಾಕ್ಸಿನ್‌ನ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಇನ್ನೂ ಹೊರಬಿದ್ದಿರಲಿಲ್ಲ. ದೆಹಲಿಯ ದೊಡ್ಡ ಸರಕಾರಿ ಆಸ್ಪತ್ರೆಯೊಂದರ ಕಿರಿಯ ವೈದ್ಯರು, ಆ ಲಸಿಕೆಯ ಬದಲು ಕೋವಿಶೀಲ್ಡ್ ಕೊಡಿರೆಂದು ಮೊದಲ ದಿನವೇ ಪತ್ರ ಬರೆದರು. ಪರೀಕ್ಷೆಯ ಫಲಿತಾಂಶ ನೋಡದೆ ಔಷಧವನ್ನು ನಂಬಬಾರದೆಂದು ಅವರಿಗೆ ಕಲಿಸಿದವರು ಅವರ ಗುರುಗಳೇ ಅಲ್ಲವೇ? ಅವರು ಕೇಳಿದ ಪ್ರಶ್ನೆ ಪಾಠದ ಒಳಗಿನದೇ. ಮಾರ್ಚ್ 3ರಂದು ಮೊದಲ ಫಲಿತಾಂಶ ಬಂತು. ಜುಲೈ ತಿಂಗಳಲ್ಲಿ ಪೂರ್ಣ ಲೆಕ್ಕ ಬಂದಾಗ ಆ ಲಸಿಕೆ ರೋಗವನ್ನು ಶೇಕಡಾ 77.8ರಷ್ಟು ತಡೆಯುತ್ತದೆಂದು ತಿಳಿಯಿತು. ಪ್ರಶ್ನೆಗೆ ಉತ್ತರವಿತ್ತು, ಬರಲು ಕೆಲವು ತಿಂಗಳು ತಡವಾಯಿತು. ಆ ತಿಂಗಳುಗಳಲ್ಲಿಯೇ ಎರಡನೆಯ ಅಲೆ ಅಪ್ಪಳಿಸಿತು. 2021ರ ಎಪ್ರಿಲ್, ಮೇ ತಿಂಗಳುಗಳಲ್ಲಿ ಭಾರತೀಯ ವೈದ್ಯಕೀಯ ಸಂಘವು ದಿನದಿನವೂ ತನ್ನ ಸದಸ್ಯರ ಮರಣವಾರ್ತೆಯನ್ನು ಪ್ರಕಟಿಸಬೇಕಾಗಿ ಬಂತು. ನೂರಾರು ವೈದ್ಯರು ತೀರಿಹೋದರು.

ಅದೇ ಅವಧಿಯಲ್ಲಿ ನಮ್ಮ ನೆರೆಯ ತಮಿಳುನಾಡಿನ ವೆಲ್ಲೂರಿನಲ್ಲಿ ಒಂದು ಲೆಕ್ಕ ನಡೆಯಿತು. ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಸುಮಾರು 10,600 ಉದ್ಯೋಗಿಗಳಲ್ಲಿ 8,991 ಮಂದಿ ಜನವರಿ 21ರಿಂದ ಎಪ್ರಿಲ್ 30ರ ಒಳಗೆ ಲಸಿಕೆ ಹಾಕಿಸಿಕೊಂಡಿದ್ದರು. ಅಲೆ ಏರಿದಾಗ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಲಾಯಿತು. ಎರಡೂ ಚುಚ್ಚುಮದ್ದು ಪಡೆದವರಲ್ಲಿ ಸೋಂಕಿನಿಂದ ರಕ್ಷಣೆ ಶೇಕಡಾ 65. ಆಸ್ಪತ್ರೆ ಸೇರುವುದರಿಂದ 77. ಆಮ್ಲಜನಕ ಬೇಕಾಗುವ ಸ್ಥಿತಿಯಿಂದ 92. ತೀವ್ರನಿಗಾ ಘಟಕಕ್ಕೆ ಹೋಗುವುದರಿಂದ 94. ಆ ಸಂಸ್ಥೆಯ ಸಿಬ್ಬಂದಿಯಲ್ಲಿ ಕೋವಿಡ್‌ನಿಂದ ಮರಣ ಹೊಂದಿದವರು ಒಬ್ಬರೇ. ಬೇರೆ ಕಾಯಿಲೆಗಳಿದ್ದ ಅವರು ಲಸಿಕೆ ಪಡೆದಿರಲಿಲ್ಲ. ಈ ಅಂಕಿಗಳನ್ನು ತುಸು ನಿಧಾನವಾಗಿ ಓದಬೇಕೆಂದು ನಮ್ಮ ವಿನಂತಿ. ಲಸಿಕೆ ಹಾಕಿಸಿಕೊಂಡವರಿಗೂ ರೋಗ ಬಂದುದುಂಟು; “ನೋಡಿ, ಹಾಕಿಸಿಕೊಂಡರೂ ಬಂತು” ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ರೋಗವು ಉಗ್ರವಾದಷ್ಟೂ ಲಸಿಕೆಯ ರಕ್ಷಣೆ ಹೆಚ್ಚುತ್ತ ಹೋಗಿದೆ. ಮಳೆಗಾಲದಲ್ಲಿ ಕೊಡೆ ಹಿಡಿದು ನಡೆದವನ ಕಾಲು ಒದ್ದೆಯಾಗುತ್ತದೆ. ಅದಕ್ಕಾಗಿ ಕೊಡೆಯನ್ನು ಯಾರೂ ಎಸೆಯುವುದಿಲ್ಲ. ಕೋವಿಶೀಲ್ಡ್‌ನಿಂದ ತೀರ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಬಂದುದೂ ಸತ್ಯವೇ. ಇದನ್ನೂ ಹೇಳಿ, ವೆಲ್ಲೂರಿನ ಲೆಕ್ಕವನ್ನೂ ಹೇಳಿ, ಎರಡನ್ನೂ ತೂಗಿ ತೋರಿಸಿದರೆ ವಿವೇಕಿಗಳು ಒಪ್ಪುತ್ತಾರೆ. ಒಂದನ್ನು ಮುಚ್ಚಿಟ್ಟರೆ ಅದು ಹೇಗೂ ಹೊರಬರುತ್ತದೆ; ಬಂದಾಗ ಎರಡನೆಯದನ್ನೂ ಜನ ನಂಬುವುದಿಲ್ಲ.

ಕೋವಿಡ್ ಹೊಸ ರೋಗ, ಹೊಸ ಲಸಿಕೆ. ಆದ್ದರಿಂದ ಅನುಮಾನ ಸಹಜ ಎನ್ನಬಹುದು. ಹಾಗಾದರೆ ಹೆಪಟೈಟಿಸ್ ಬಿ ಲಸಿಕೆಯ ಸಂಗತಿಯೇನು? ಇದು ಯಕೃತ್ತನ್ನು ಕೆಡಿಸುವ ರೋಗ. ರಕ್ತದ ಮೂಲಕ ಹರಡುವಂತಹದು. ರೋಗಿಗೆ ಚುಚ್ಚಿದ ಸೂಜಿ ದಾದಿಯ ಬೆರಳಿಗೆ ತಾಗಿತೆನ್ನಿ. ಲಸಿಕೆ ಪಡೆಯದವರಾದರೆ ನೂರರಲ್ಲಿ ಮೂವತ್ತು ಮಂದಿಯವರೆಗೂ ಈ ರೋಗ ತಗಲಬಹುದು. ನಾವೆಲ್ಲರೂ ಭಯಪಡುವ ಎಚ್‌ಐವಿಯಾದರೋ ಅಂತಹ ಚುಚ್ಚಿನಿಂದ ಸಾವಿರಕ್ಕೆ ಮೂವರಿಗೆ ತಗಲಿದರೆ ಹೆಚ್ಚು. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿಯೂ ಒಂದು ವಾರ ಬದುಕಿರಬಲ್ಲುದು. ಆರು ತಿಂಗಳ ಅವಧಿಯಲ್ಲಿ ಮೂರು ಚುಚ್ಚುಮದ್ದು ಹಾಕಿಸಿಕೊಂಡರೆ ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ರಕ್ಷಣೆ ದೊರೆಯುತ್ತದೆ. ಲಸಿಕೆ ಹಳೆಯದು, ಪರೀಕ್ಷಿತವಾದುದು, ಕೈಗೆ ಸಿಗುವಂತಹದು. ಹೀಗಿದ್ದೂ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಮೊದಲ ಚುಚ್ಚು ಹಾಕಿಸಿಕೊಂಡು ಎರಡನೆಯದನ್ನು ಮರೆತವರು, ಎರಡನೆಯದಾಗಿ ಮೂರನೆಯದಕ್ಕೆ ಹೋಗದವರು, ಒಂದನ್ನೂ ಪಡೆಯದವರು ಬೇಕಾದಷ್ಟು ಇದ್ದಾರೆಂದು ಅಧ್ಯಯನಗಳು ಮತ್ತೆ ಮತ್ತೆ ಹೇಳಿವೆ. ಎಲ್ಲರಿಗಿಂತ ಹೆಚ್ಚಾಗಿ ತಪ್ಪಿಹೋಗುವವರು ಬಳಸಿದ ಸೂಜಿ, ಹತ್ತಿಗಳನ್ನು ಬಾಚಿ ಎತ್ತುವ ಶುಚಿ ಕೆಲಸದವರು. ಅವರನ್ನು ಕರೆದು ಕೂರಿಸಿ ಹೇಳುವವರೇ ಇಲ್ಲ.

ಈ ಹಿಂಜರಿಕೆಗೆ ಕಾರಣಗಳೇನು? ಒಂದು, ಸಲುಗೆ. ದಿನವೂ ರೋಗಿಗಳ ನಡುವೆ ಇರುವವರಿಗೆ “ಇಷ್ಟು ವರ್ಷ ನಮಗೇನಾಯಿತು?” ಎಂಬ ಧೈರ್ಯ ಬಂದಿರುತ್ತದೆ. ಎರಡು, ಕಣ್ಣೆದುರಿನ ಅನುಭವ. ಲಸಿಕೆ ಹಾಕಿಸಿಕೊಂಡು ಜ್ವರ ಬಂದವರು ಆಸ್ಪತ್ರೆಗೆ ಬರುತ್ತಾರೆ. ಲಸಿಕೆಯಿಂದಾಗಿ ರೋಗವೇ ಬಾರದವರು “ನನಗೆ ರೋಗ ಬರಲಿಲ್ಲ” ಎಂದು ತಿಳಿಸಲು ಬರುವುದಿಲ್ಲ. ಮೂರು, ಮತ್ತು ನಮ್ಮ ಎಣಿಕೆಯಲ್ಲಿ ಮುಖ್ಯವಾದುದು, ಆಜ್ಞೆ. ಮೇಲಿನಿಂದ ಸುತ್ತೋಲೆ ಬರುತ್ತದೆ. ಇಂತಿಷ್ಟು ಮಂದಿಗೆ ಹಾಕಬೇಕೆಂಬ ಗುರಿ ಬರುತ್ತದೆ. ಪ್ರಶ್ನೆ ಕೇಳುವ ಅವಕಾಶ ಮಾತ್ರ ಬರುವುದಿಲ್ಲ. ಗೌರವಧನದ ಮೇಲೆ ಬಿಸಿಲಲ್ಲಿ ತಿರುಗುವ ಆಶಾ ಕಾರ್ಯಕರ್ತೆಯ ಮನಸ್ಸಿನಲ್ಲಿ ಏನಿದೆಯೆಂದು ಕೇಳುವ ವ್ಯವಧಾನ ಯಾರಿಗಿದೆ? ಅಧ್ಯಾಪಕ ತರಬೇತಿಯ ದಿನಗಳಿಂದ ನಾವು ಬಲ್ಲ ಮಾತೊಂದಿದೆ. ಪ್ರಶ್ನೆ ಕೇಳಿದ ಹುಡುಗನನ್ನು ಗದರಿಸಿ ಕೂರಿಸಿದರೆ ಪ್ರಶ್ನೆ ಸಾಯುವುದಿಲ್ಲ. ಅದು ಹಿಂದಿನ ಬೆಂಚಿಗೆ ಹೋಗಿ ಪಿಸುಗುಟ್ಟತೊಡಗುತ್ತದೆ.

ಆ ಪಿಸುಮಾತು ನಮ್ಮ ಗಡಿಯ ಊರುಗಳಲ್ಲಿ ಬೇರೆಡೆಗಿಂತ ದೊಡ್ಡದಾಗಿ ಕೇಳಿಸುತ್ತದೆ. ಅದಕ್ಕೆ ಕಾರಣವುಂಟು. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ಆರೋಗ್ಯ ಇಲಾಖೆಯ ಕರಪತ್ರ, ಭಿತ್ತಿಪತ್ರ, ಆಕಾಶವಾಣಿಯ ಪ್ರಕಟಣೆ ಹೆಚ್ಚಿನವು ಮಲಯಾಳದಲ್ಲಿ. ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆಯ ಕನ್ನಡ, ತುಳು ಮನೆಗಳ ಹಿರಿಯರಿಗೆ ಅದನ್ನು ಓದಿ ಹೇಳುವವರು ಬೇಕು. ಮನೆಯ ಜಗಲಿಗೆ ಬಂದು ಅವರ ನುಡಿಯಲ್ಲಿ ವಿವರಿಸುವ ಆರೋಗ್ಯ ಕಾರ್ಯಕರ್ತೆಯೇ ಅವರ ಪಾಲಿಗೆ ಕರಪತ್ರ, ಅವಳೇ ಪ್ರಕಟಣೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ನಮ್ಮವರು ಹಲವರು ದಾರಿ ಸಿಗದೆ ಪ್ರಾಣಬಿಟ್ಟ ದಿನಗಳನ್ನು ವಾಚಕರು ಮರೆತಿರಲಾರರು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡವು ಆ ಎಪ್ರಿಲಿನಲ್ಲಿ ತರಾತುರಿಯಿಂದ ಕೋವಿಡ್ ಆಸ್ಪತ್ರೆಯಾಯಿತು. ಆ ದಿನಗಳಲ್ಲಿ ಮನೆಬಾಗಿಲಿಗೆ ಬಂದು “ಹೇಗಿದ್ದೀರಿ?” ಎಂದು ಕೇಳಿದವಳು ಅವಳೇ. ಅಂತಹವಳು “ಸರಕಾರ ಹಾಕಿಸಲು ಹೇಳಿದೆ” ಎಂದು ಬಾಯಲ್ಲಿ ಹೇಳಿ, ಕಣ್ಣನ್ನು ಬೇರೆಡೆ ತಿರುಗಿಸಿದರೆ, ಮನೆಯ ಅಜ್ಜಿ ಕಣ್ಣನ್ನೇ ನಂಬುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಲಸಿಕೆಯ ಕುರಿತ ಹಿಂಜರಿಕೆಯನ್ನು ಜಗತ್ತಿನ ಆರೋಗ್ಯಕ್ಕಿರುವ ಹತ್ತು ಬೆದರಿಕೆಗಳಲ್ಲಿ ಒಂದೆಂದು ಎಣಿಸಿದಾಗ, ಈ ವಿಷಯದಲ್ಲಿ ಜನರು ಎಲ್ಲರಿಗಿಂತ ಹೆಚ್ಚು ನಂಬುವುದು ಆರೋಗ್ಯ ಕಾರ್ಯಕರ್ತರನ್ನೇ ಎಂದೂ ಹೇಳಿತ್ತು. ನಮ್ಮ ಅಜ್ಜಿಯರಿಗೆ ಅದು ಮೊದಲೇ ಗೊತ್ತಿತ್ತು.

2017ರ ಅಕ್ಟೋಬರಿನಲ್ಲಿ ಕೇರಳದ ಶಾಲೆಗಳಲ್ಲಿ ದಡಾರ ಮತ್ತು ರುಬೆಲ್ಲಾ ರೋಗಗಳ ಲಸಿಕೆ ಅಭಿಯಾನ ನಡೆಯಿತು. ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ಮರಳಿ ಬಂದು ಮಕ್ಕಳನ್ನು ಬಲಿತೆಗೆದುಕೊಂಡು ಬಹಳ ಕಾಲ ಕಳೆದಿರಲಿಲ್ಲ. ಆದರೂ ಲಸಿಕೆ ಬೇಡವೆಂಬ ಗಾಳಿಮಾತು ಎಲ್ಲ ಕಡೆಯೂ ಬೀಸುತ್ತಿತ್ತು. ನಮ್ಮ ಶಾಲೆಯಲ್ಲಿ ಕರೆದ ಹೆತ್ತವರ ಸಭೆಯಲ್ಲಿ ನಾವು ಅರ್ಧ ಗಂಟೆ ಮಾತನಾಡಿದೆವು. ಎಲ್ಲರೂ ತಲೆದೂಗಿದರು; ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಮಾತ್ರ ಮುಂದೆ ಬರಲಿಲ್ಲ. ಕೊನೆಗೆ ಹಿಂದೆ ನಿಂತಿದ್ದ ಒಬ್ಬ ತಾಯಿ ದಾದಿಯನ್ನು ನೇರವಾಗಿ ಕೇಳಿದರು: “ಸಿಸ್ಟರ್, ನಿಮ್ಮ ಮಗುವಿಗೆ ಕೊಡಿಸಿದ್ದೀರಾ?” ಆಕೆ, “ಕೊಡಿಸಿದ್ದೇನೆ ಅಕ್ಕಾ, ಮೊನ್ನೆ. ಒಂದು ರಾತ್ರಿ ಮೈ ಬಿಸಿ ಇತ್ತು, ಬೆಳಿಗ್ಗೆ ಶಾಲೆಗೆ ಹೋದಳು” ಎಂದರು. ಆ ಒಂದು ಮಾತು ನಮ್ಮ ಅರ್ಧ ಗಂಟೆಯ ಭಾಷಣ ಮಾಡದ ಕೆಲಸವನ್ನು ಮಾಡಿತು. ಒಂದು ರಾತ್ರಿ ಮೈ ಬಿಸಿಯಾದುದನ್ನು ಅವರು ಮುಚ್ಚಿಡಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಆ ತಾಯಿಯ ಪ್ರಶ್ನೆ ದಾದಿಯರಿಗೆ ಮಾತ್ರ ಸೇರಿದ್ದಲ್ಲ. ನಮ್ಮ ವೃತ್ತಿಯವರೂ ಅದಕ್ಕೆ ಉತ್ತರ ಹೇಳಬೇಕಾಗಿದೆ. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿರೆಂದು ಜೂನ್ ತಿಂಗಳಲ್ಲಿ ಮನೆಮನೆ ಹತ್ತಿ ಇಳಿಯುವ ಅಧ್ಯಾಪಕರ ಮಕ್ಕಳು ಬೇರೆ ಮಾಧ್ಯಮದ ಶಾಲೆಯ ಬಸ್ಸು ಹತ್ತುವುದನ್ನು ಊರು ನೋಡುತ್ತದೆ. ಊರಿನವರು ಎದುರಿಗೆ ಏನೂ ಅನ್ನುವುದಿಲ್ಲ; ಮರುವರ್ಷ ತಮ್ಮ ಮಕ್ಕಳನ್ನೂ ಅದೇ ಬಸ್ಸಿಗೆ ಹತ್ತಿಸುತ್ತಾರೆ. ಗಡಿಯ ಕನ್ನಡ ಶಾಲೆಗಳ ಬೆಂಚುಗಳು ಬರಿದಾದುದಕ್ಕೆ ಸರಕಾರವೊಂದನ್ನೇ ದೂರುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಾನು ಹಂಚುವ ವಸ್ತುವಿನಲ್ಲಿ ತನಗೇ ವಿಶ್ವಾಸವಿಲ್ಲದವನು ಎಷ್ಟು ಹಂಚಿದರೂ ಜನರ ಕೈಗೆ ಸೇರುವುದು ಆ ಅವಿಶ್ವಾಸವೇ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನು ನೆನೆಯದಿದ್ದರೆ ಅಪಚಾರವಾದೀತು. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ಕಾಣಿಸಿಕೊಂಡಾಗ ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿಯವರು ರೋಗಿಯ ಶುಶ್ರೂಷೆ ಮಾಡುತ್ತಲೇ ಸೋಂಕು ತಗಲಿಸಿಕೊಂಡು ಮೇ 21ರಂದು ಪ್ರಾಣಬಿಟ್ಟರು. ಇಬ್ಬರು ಎಳೆಯ ಮಕ್ಕಳ ತಾಯಿ ಆಕೆ. ನಿಪಾಕ್ಕೆ ಲಸಿಕೆ ಇರಲಿಲ್ಲ. ಹಾಕಿಸಿಕೊಳ್ಳುವ, ಬಿಡುವ ಆಯ್ಕೆಯೇ ಅವರಿಗಿರಲಿಲ್ಲ. ಲಸಿಕೆಯೇ ಇಲ್ಲದ ರೋಗದೆದುರು ಬರಿಗೈಯಲ್ಲಿ ನಿಲ್ಲುವ ಈ ಜನರನ್ನು, ಲಸಿಕೆ ಇರುವ ರೋಗಕ್ಕೆ ನಾವು ಒಪ್ಪಿಸಿಕೊಡಬಾರದು. ಅವರು ಹಾಕಿಸಿಕೊಳ್ಳಬೇಕೆಂದು ನಾವು ಬಯಸುವುದು ಅವರ ಬಾಳು ನಮಗೆ ಬೇಕು ಎಂಬುದಕ್ಕಾಗಿ. ಊರಿಗೆ ಮಾದರಿಯಾಗುವುದು ಅದರ ಮೇಲಿನ ಮಾತು.

ಹಾಗಾದರೆ ಮಾಡಬೇಕಾದುದೇನು? ಅಧಿಕಾರದಲ್ಲಿರುವವರು ಸುತ್ತೋಲೆಗೆ ಮುನ್ನ ಒಂದು ಸಭೆ ಕರೆಯಲಿ. ಆ ಸಭೆಯಲ್ಲಿ ಗುಡಿಸುವವರಿಂದ ಹಿಡಿದು ವೈದ್ಯರವರೆಗೆ ಎಲ್ಲರೂ ತಮ್ಮ ಅಳುಕನ್ನು ನಾಚದೆ ಹೇಳುವಂತಾಗಲಿ. ತಿಳಿದವರು ಅಡ್ಡಪರಿಣಾಮಗಳನ್ನೂ ಸೇರಿಸಿ ಅವರವರ ನುಡಿಯಲ್ಲಿ ಉತ್ತರ ಹೇಳಲಿ. ನಮ್ಮ ಪಂಚಾಯತುಗಳಲ್ಲಿ ಕನ್ನಡ ಕರಪತ್ರಕ್ಕಾಗಿ ಒತ್ತಾಯಿಸುವುದು ಭಾಷಾಭಿಮಾನದ ಪ್ರಶ್ನೆಯಷ್ಟೇ ಆಗಿ ಉಳಿದಿಲ್ಲ. ಅದು ಆರೋಗ್ಯದ ಪ್ರಶ್ನೆ. ಇನ್ನು ವಾಚಕ ಬಾಂಧವರ ಪಾಲಿನ ಕೆಲಸವೂ ಒಂದಿದೆ. ಮುಂದಿನ ಬಾರಿ ಚುಚ್ಚುಮದ್ದಿನ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಬಂದವಳನ್ನು ಅಂಗಳದಲ್ಲಿ ನಿಲ್ಲಿಸಿ ಮಾತನಾಡಿಸಬೇಡಿ. ಜಗಲಿಗೆ ಕರೆಯಿರಿ, ಬೆಲ್ಲ ನೀರು ಕೊಡಿರಿ. “ನೀವು ಹಾಕಿಸಿಕೊಂಡಿದ್ದೀರಾ, ಮಗಳೇ? ಮೂರೂ ಚುಚ್ಚು ಆಯಿತೇ?” ಎಂದು ಸ್ವಂತ ಮಗಳನ್ನು ಕೇಳುವಂತೆ ಕೇಳಿರಿ. ಇಲ್ಲವೆಂದಾದರೆ ಏಕೆಂದು ಕೇಳಿರಿ. ಕೇಳಿ, ಅವಳು ಹೇಳಿ ಮುಗಿಸುವ ತನಕ ಸುಮ್ಮನೆ ಕುಳಿತಿರಿ. ಅವಳ ಮನಸ್ಸಿನ ಮಾತನ್ನು ಇದುವರೆಗೆ ಯಾರೂ ಕೇಳಿರಲಿಕ್ಕಿಲ್ಲ.